ಒಂದು ಕಣ್ಣು ಮುಚ್ಚಿ ನೋಡುವ ಊರು

ನನಗೊಂದು ಕೆಟ್ಟ ಚಾಳಿಯಿದೆ. ಏನನ್ನಾದರೂ ಮನಸ್ಸಿಟ್ಟು ನೋಡಬೇಕೆಂದರೆ ನನ್ನ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಗೋಡೆಗೆ ಮೊಳೆ ಹೊಡೆಯುವುದಿರಲಿ, ಹೆಂಚಿಗೆ ಹತ್ತಿದ ದೋಸೆಯನ್ನು ಎಬ್ಬಿಸುವುದಿರಲಿ, ಹುಡುಗರ ಚಿತ್ರಗಳಿಗೆ ಅಂಕ ಹಾಕುವುದಿರಲಿ, ತಲೆಯನ್ನು ತುಸು ಓರೆ ಮಾಡಿ ಬಲಗಣ್ಣೊಂದರಲ್ಲೇ ನೋಡುತ್ತೇನೆ. ನಾನು ಚಿತ್ರಕಲೆ ಕಲಿಸುವ ಶಾಲೆಯಲ್ಲಿ ಹುಡುಗರು ನನಗೆ ‘ಬಂದೂಕು ಮಾಸ್ತರ’ ಎಂದು ಹೆಸರಿಟ್ಟಿದ್ದಾರೆ. ಗುರಿ ಇಟ್ಟವನ ಹಾಗೆ ಕಾಣುತ್ತೇನಂತೆ. ಗುರಿ ಮುಟ್ಟಿದ್ದು ಮಾತ್ರ ಯಾರೂ ಕಂಡಿಲ್ಲ.

ಇದರಿಂದ ಪೇಚಿಗೆ ಸಿಕ್ಕಿದ್ದು ಒಂದೆರಡು ಸಲವಲ್ಲ. ಒಮ್ಮೆ ಹಾವೇರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಧೂಳು ಹಿಡಿದ ಬಸ್ಸಿನ ಬೋರ್ಡನ್ನು ಓದುವ ಪ್ರಯತ್ನದಲ್ಲಿದ್ದೆ. ಬೋರ್ಡಿನ ಪಕ್ಕದ ಕಿಟಕಿಯಲ್ಲಿ ಹೆಚ್ಚುಕಡಿಮೆ ನನ್ನ ವಯಸ್ಸಿನ ಒಬ್ಬ ಹೆಂಗಸು ಕುಳಿತಿದ್ದರು.

“ಯಾಕ್ರೀ, ತಲಿ ಬೆಳ್ಳಗಾಗೈತಿ, ನಾಚಿಕಿ ಬರಂಗಿಲ್ಲೇನು?” ಎಂದರು.

“ಬೋರ್ಡ್ ನೋಡಾಕತ್ತಿದ್ನ್ರೀ ಅವ್ವಾರ,” ಎಂದೆ.

“ಬೋರ್ಡ್ ನೋಡಾಕ ಕಣ್ಣ ಹೊಡೀಬೇಕೇನು?”

ಸರಸರ ನಡೆದು, ಎಲ್ಲಿಯದೆಂದು ನೋಡದೆಯೇ ಬೇರೆ ಬಸ್ಸು ಹತ್ತಿದೆ. ಅದು ಬಂಕಾಪುರದ್ದಾಗಿತ್ತು.

ಎಲ್ಲಕ್ಕಿಂತ ದೊಡ್ಡ ಪೇಚು ರಾಣೆಬೆನ್ನೂರಿನಲ್ಲಿ, ನಾನು ಹೆಣ್ಣು ನೋಡಲು ಹೋದ ದಿನ ಆಯಿತು. ಹುಡುಗಿ ಚಹಾದ ತಾಟು ಹಿಡಿದು ಒಳಗಿನಿಂದ ಬಂದಳು. ಹಿರಿಯರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎಡಗಣ್ಣು ಮುಚ್ಚಿದೆ. ಹುಡುಗಿಯ ತಂದೆ, “ಹುಡುಗನ ಕಣ್ಣಿಗೆ ಏನರ ಆಗೇತೇನ್ರಿ?” ಎಂದು ಕೇಳಿಯೇ ಬಿಟ್ಟರು. ಆ ಪ್ರಶ್ನೆಗೆ ಬಂದ ಉತ್ತರವನ್ನು ಕಡೆಗೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮಗೆ ಒಂದು ಊರಿನ ಸುದ್ದಿ ಹೇಳಬೇಕು. ಆ ಊರಿಗೆ ಬಸ್ಸಿಲ್ಲ. ಅದು ಒಂದೂವರೆ ಮೊಳ ಉದ್ದದ ಒಂದು ಹಳೆಯ ಖೋಕಾದ, ಅಂದರೆ ಕಟ್ಟಿಗೆಯ ಪೆಟ್ಟಿಗೆಯ, ಒಳಗಿತ್ತು.

ನಮ್ಮದು ಹಾವೇರಿ ಹತ್ತಿರದ ಅಗಡಿ. ಆದರೆ ನನ್ನ ಬಾಲ್ಯದ ಸೂಟಿಗಳೆಲ್ಲ ಕಳೆದದ್ದು ಬ್ಯಾಡಗಿಯಲ್ಲಿ, ಚನ್ನಪ್ಪಮಾಮಾನ ಮನೆಯಲ್ಲಿ. ಚನ್ನಪ್ಪಮಾಮಾ ನನ್ನ ತಾಯಿಯ ಅಣ್ಣ. ಅವನಿಗೂ ಗಿರಿಜತ್ತಿಗೂ ಮಕ್ಕಳಿರಲಿಲ್ಲ. ಸೂಟಿ ಮುಗಿಯುವ ದಿನ ಅತ್ತಿ ನನ್ನ ಚೀಲವನ್ನು ಅಡಗಿಸಿಡುತ್ತಿದ್ದಳು. ಮುಂದೆ ನನಗೆ ಬ್ಯಾಡಗಿಯ ಹೈಸ್ಕೂಲಿನಲ್ಲೇ ನೌಕರಿ ಸಿಕ್ಕಾಗ ಬಾಡಿಗೆ ಮನೆ ಹುಡುಕುತ್ತೇನೆ ಎಂದೆ. ಅತ್ತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ನನ್ನ ಟ್ರಂಕು ಅವರ ಮನೆಯ ಅಟ್ಟ ಸೇರಿತು.

ಮಾಮಾ ಮೆಣಸಿನಕಾಯಿ ಪೇಟೆಯಲ್ಲಿ ಕಾಯಿ ಆರಿಸುವವನು. ಖರೀದಿದಾರರೊಬ್ಬರ ಪರವಾಗಿ ರಾಶಿಯಿಂದ ರಾಶಿಗೆ ನಡೆದು, ಇದು ಬೇಕು, ಇದು ಬೇಡ ಎಂದು ಹೇಳುವುದು ಅವನ ಕೆಲಸ. ಒಂದು ಹಿಡಿ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಬೀಜ ಗಲಗಲ ಎಂದರೆ ಚೆನ್ನಾಗಿ ಒಣಗಿದೆ, ಸುಮ್ಮನಿದ್ದರೆ ಒಳಗೆ ಇನ್ನೂ ಹಸಿ. ಆಮೇಲೆ ತೊಟ್ಟು ಮುರಿದು ಮೂಸುತ್ತಿದ್ದ. ಪೇಟೆಗೆ ಹೊಸದಾಗಿ ಬಂದವರು ಸೀನಿ ಸೀನಿ ಸುಸ್ತಾಗುವಾಗ ಅವನು ಮಲ್ಲಿಗೆ ಮೂಸಿದವನಂತೆ ಮುಂದಿನ ರಾಶಿಗೆ ಹೋಗುತ್ತಿದ್ದ.

ನನ್ನನ್ನು ಚೀಲಗಳ ಮೇಲೆ ಕೂರಿಸಿಕೊಂಡು ಅವನು ಹೇಳುತ್ತಿದ್ದದ್ದು ಒಂದೇ ಕಥೆ. ಡಬ್ಬಿ ಕಾಯಿ ನೀವು ನೋಡಿರಬಹುದು, ಗಿಡ್ಡ ಮೈ, ದಪ್ಪ ಹೊಟ್ಟೆ, ಅಜ್ಜಿಯ ಕೆನ್ನೆಯಂಥ ಸುಕ್ಕು. ಅದನ್ನು ಉದ್ದಕ್ಕೆ ಸೀಳಿ, “ನೋಡ ಅಳ್ಯಾ, ಇದು ಕೆಂಪರಸನ ಊರು. ಇವು ಬಿಳೀ ಕಂಬ. ಇವೆಲ್ಲಾ ಬಂಗಾರದ ಹೊನ್ನು. ಅರಸ ಒಳಗ ಮಲಗ್ಯಾನ, ಸಪ್ಪಳ ಮಾಡಬ್ಯಾಡ,” ಎನ್ನುತ್ತಿದ್ದ.

“ಎಲ್ಲದಾನ? ಕಾಣವಲ್ಲ,” ಎನ್ನುತ್ತಿದ್ದೆ.

“ದೂರ ಅದಾನ. ಕಣ್ಣ ಸಣ್ಣ ಮಾಡಿ ನೋಡು.”

ಒಂದು ಸಲ ಅರಸನನ್ನು ನೋಡಿಯೇ ತೀರುತ್ತೇನೆಂದು ಸೀಳಿದ ಕಾಯಿಯನ್ನು ಕಣ್ಣಿಗೇ ಹಿಡಿದೆ. ಆ ದಿನವೆಲ್ಲ ಮುಖವನ್ನು ನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಕುಳಿತಿದ್ದೆ. ಅತ್ತಿ ಒಂದು ಕೈಯಿಂದ ನನ್ನ ಬೆನ್ನು ಸವರುತ್ತ ಮಾಮಾನನ್ನು ಬೈದಳು. ಅವನು ತಪ್ಪು ಮಾಡಿದ ಹುಡುಗನಂತೆ ಬಾಗಿಲ ಹಿಂದೆ ನಿಂತಿದ್ದ.

ಇನ್ನೊಂದು ನೆನಪು ರೈಲ್ವೆ ಸ್ಟೇಷನ್ನಿನದು. ಡ್ರಾಯಿಂಗ್ ಪರೀಕ್ಷೆಯ ಪುಸ್ತಕದಲ್ಲಿ, ಹಳಿಗಳು ದೂರ ಹೋಗಿ ಒಂದು ಬಿಂದುವಿನಲ್ಲಿ ಕೂಡುತ್ತವೆ ಎಂದಿತ್ತು. ನಾನು ಅದನ್ನು ಭೂಗೋಳ ಎಂದುಕೊಂಡೆ. ಹಳಿ ಕೂಡುವ ಜಾಗ ನೋಡಬೇಕೆಂದು ಪ್ಲಾಟ್‌ಫಾರ್ಮಿನ ತುದಿಯಿಂದ ಇಳಿದು ನಡೆದೆ. ಎಷ್ಟು ನಡೆದರೂ ಅದು ಅಷ್ಟೇ ದೂರ ಉಳಿಯುತ್ತಿತ್ತು. ಮಾಮಾ ಸೈಕಲ್ ಮೇಲೆ ಬಂದು ಹಿಡಿದಾಗ ಬೈಯಲಿಲ್ಲ. ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡು, “ಕೂಡೂದು ಹಳಿ ಅಲ್ಲೋ, ಹುಚ್ಚಪ್ಪಾ. ನಿನ್ನ ಕಣ್ಣಾಗ ಕೂಡತಾವ,” ಎಂದ. ನಾನು ಚಿತ್ರಕಲೆಯ ಮಾಸ್ತರನಾದದ್ದು ಆ ಪುಸ್ತಕದಿಂದಲ್ಲ, ಈ ಮಾತಿನಿಂದ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಎರಡು ಸಾವಿರದ ಐದರ ಸುಮಾರಿನ ಒಂದು ಬೇಸಿಗೆಯಲ್ಲಿ ಲಾರಿಗೆ ಹೇರಿದ ಚೀಲಗಳನ್ನು ಬಿಗಿಯುವಾಗ ಹಗ್ಗ ಹರಿಯಿತು. ಅದರ ತುದಿ ಬಂದು ಪಕ್ಕದಲ್ಲಿ ನಿಂತಿದ್ದ ಮಾಮಾನ ಎಡಗಣ್ಣಿಗೆ ಬಡಿಯಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು, ತಿಂಗಳುಗಟ್ಟಲೆ ಓಡಾಡಿದೆವು. ಕಣ್ಣು ಹೊರಗಿನಿಂದ ಮೊದಲಿನ ಹಾಗೆಯೇ ಆಯಿತು. ಒಳಗಿನ ಬೆಳಕು ಬರಲಿಲ್ಲ.

ನೋಡುವವರಿಗೆ ಎರಡೂ ಕಣ್ಣು ಒಂದೇ ತರ ಕಾಣುತ್ತಿದ್ದರಿಂದ ಮಾಮಾ ಒಂದು ಹಟ ಹಿಡಿದ. “ಕಣ್ಣ ವಾಸಿ ಆಗೇತಿ ಅಂತ ಹೇಳ್ರಿ. ಒಕ್ಕಣ್ಣ ಕಾಯಿ ಆರಸಾಕ ಬಂದಾನ ಅನ್ನಿಸ್ಕೊಂಡು ನಾ ಪ್ಯಾಟ್ಯಾಗ ತಿರಗಂಗಿಲ್ಲ,” ಎಂದ. ನಾವು ಹಾಗೆಯೇ ಹೇಳಿದೆವು. ಖರೀದಿದಾರರು ಎರಡು ಸಲ ಆಳು ಕಳಿಸಿ, ಬಾ ಎಂದು ಹೇಳಿಸಿದರು. ಮಾಮಾ ನಡು ನೋವು ಎಂದ. ಮದುವೆಗಳಿಗೆ ಹೋಗಲಿಲ್ಲ, ಕದರಮಂಡಲಗಿಯ ಹನುಮಪ್ಪನಿಗೆ ಶನಿವಾರ ತಪ್ಪದೆ ಹೋಗುವವನು ಅದನ್ನೂ ಬಿಟ್ಟ. ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ.

ನಮಗೆ ಸಿಟ್ಟೂ ಬರುತ್ತಿತ್ತು ಎಂದು ಒಪ್ಪಿಕೊಳ್ಳಬೇಕು. ಒಂದು ಕಣ್ಣು ಚೆನ್ನಾಗಿಯೇ ಇದೆಯಲ್ಲ, ಪೇಪರು ಓದುತ್ತಾನಲ್ಲ, ಮತ್ತೇನು ಎಂದು ನಾನು ಅಂದುಕೊಳ್ಳುತ್ತಿದ್ದೆ. ಮೇಲಾಗಿ ಅವನು ಚಹಾ ಚೆಲ್ಲುತ್ತಿದ್ದ. ನಮ್ಮ ಕಡೆ ಚಹಾ ಕುಡಿಯುವುದು ಕಪ್ಪಿನಲ್ಲಲ್ಲ, ಬಸಿಯಲ್ಲಿ. ಕಪ್ಪಿನಿಂದ ಬಸಿಗೆ ಬಗ್ಗಿಸಿ, ಊದಿ, ಸುರ್ ಎನ್ನಿಸಿದರೇನೇ ಅದು ಚಹಾ. ಮಾಮಾ ಬಗ್ಗಿಸಿದ ಚಹಾ ಬಸಿಯ ಅಂಚಿನಾಚೆ ಧೋತರದ ಮೇಲೆ ಬೀಳುತ್ತಿತ್ತು. “ನೋಡ್ಕೊಂಡ ಬಗ್ಗಸಬಾರದೇನ್ರಿ,” ಎಂದು ಅತ್ತಿ ದಿನಕ್ಕೆರಡು ಸಲ ಹೇಳುತ್ತಿದ್ದಳು. ಮಾಮಾ ಧೋತರ ಕೊಡವಿಕೊಂಡು ಏಳುತ್ತಿದ್ದ. ಕೆಲವು ದಿನಗಳಾದ ಮೇಲೆ ಚಹಾವನ್ನೇ ಬೇಡವೆಂದ. ಬ್ಯಾಡಗಿಯ ಪೇಟೆಯಲ್ಲಿ ಮೂವತ್ತು ವರ್ಷ ದಿನಕ್ಕೆ ಹತ್ತು ಸಲ ನಾಲ್ಕು ಜನರ ನಡುವೆ ಕುಳಿತು ಚಹಾ ಕುಡಿದ ಮನುಷ್ಯ ಚಹಾ ಬಿಟ್ಟಾಗಲಾದರೂ ನಮಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಶ್ರಾವಣದ ನಡುವಿನಲ್ಲಿ ಮಾಮಾ ನನ್ನನ್ನು ಕರೆದು, “ಈ ವರ್ಷ ಗಣಪ್ಪನ್ನ ನೀ ತಗೊಂಡ ಬಾ ಅಳ್ಯಾ,” ಎಂದ. ಅತ್ತಿ ಬಾಗಿಲಲ್ಲೇ ನಿಂತುಬಿಟ್ಟಳು. ಚವತಿಯ ದಿನ ಟೋಪಿ ಹಾಕಿಕೊಂಡು, ಬರಿಗಾಲಲ್ಲಿ, ಮಣೆಯ ಮೇಲೆ ಗಣಪತಿಯನ್ನು ಹೊತ್ತು ತರುವುದು ಆ ಮನೆಯಲ್ಲಿ ಯಜಮಾನನ ಕೆಲಸ. ಜ್ವರದಲ್ಲಿಯೂ ಅವನು ಅದನ್ನು ಬಿಟ್ಟವನಲ್ಲ. ಯಾಕೆಂದು ಕೇಳಿದ್ದಕ್ಕೆ, “ಮನಿ ಮುಂದ ಮೂರ ಮೆಟ್ಟಲ ಅದಾವು. ದೇವರನ್ನ ಕೆಡವಿದರ?” ಎಂದಷ್ಟೇ ಹೇಳಿ ಗೋಡೆಗೆ ತಿರುಗಿದ.

ಅಂದೇ ನಾನು ನಿರ್ಧರಿಸಿದೆ. ಗಣಪತಿಯ ಮುಂದೆ ಈ ಸಲ ಕೆಂಪರಸನ ಊರನ್ನು ಕಟ್ಟುತ್ತೇನೆ. ತಾನು ಹೇಳಿದ ಕಥೆಯ ಊರನ್ನು ನೋಡಲಿಕ್ಕಾದರೂ ಮಾಮಾ ಕೋಣೆಯಿಂದ ಪಡಸಾಲೆಗೆ ಬಂದಾನು. ಇದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು, ಓಣಿಯ ಎಲ್ಲ ಮನೆಗಳ ಗಣಪತಿಗಿಂತ ಡ್ರಾಯಿಂಗ್ ಮಾಸ್ತರರ ಮನೆಯದೇ ಭಾರೀ ಎನ್ನಿಸಿಕೊಳ್ಳುವ ಆಸೆ. ನಮ್ಮ ಕಡೆ ಚವತಿಯ ದಿನಗಳಲ್ಲಿ ಹುಡುಗರು ಇಪ್ಪತ್ತೊಂದು ಗಣಪತಿ ನೋಡಬೇಕೆಂದು ಮನೆಮನೆ ಸುತ್ತುತ್ತಾರೆ. ಅವರ ಬಾಯಿಂದ ಹೊರಟ ಸುದ್ದಿ ಪೇಪರಿಗಿಂತ ಬೇಗ ಊರು ಮುಟ್ಟುತ್ತದೆ.

ಅಟ್ಟದ ಮೇಲಿದ್ದ ಹಳೆಯ ಕಟ್ಟಿಗೆಯ ಖೋಕಾ ಇಳಿಸಿದೆ. ಒಂದೂವರೆ ಮೊಳದ ಆಳದಲ್ಲಿ ಒಂದು ಮೈಲಿ ದೂರವನ್ನು ತೋರಿಸಬೇಕು, ಅದು ಲೆಕ್ಕ. ಮುಂದೆ ಊರೊಳಗೆ ಹೋಗುವ ಅಗಸಿ ಬಾಗಿಲು ಒಂದು ಗೇಣು ಎತ್ತರ. ಅದರ ಹಿಂದಿನ ಮನೆಗಳು ಬೆರಳುದ್ದ, ಅವುಗಳ ಹಿಂದಿನವು ಅರ್ಧ ಬೆರಳು. ಎಲ್ಲಕ್ಕೂ ಹಿಂದೆ, ಗುಡ್ಡದ ಮೇಲೆ ಕೆಂಪರಸನ ಅರಮನೆ, ಹೆಬ್ಬೆರಳಿನ ಉಗುರಿನಷ್ಟು ಅಗಲ. ನಡುವಿನ ಬೀದಿ ಮುಂದೆ ಅಂಗೈಯಷ್ಟಿದ್ದದ್ದು ಹೋಗುತ್ತ ಹೋಗುತ್ತ ದಾರದಷ್ಟಾಗಬೇಕು, ತುಸು ಮೇಲಕ್ಕೂ ಏರಬೇಕು. ಬಣ್ಣವೂ ಹಾಗೆಯೇ, ಮುಂದೆ ಗಾಢ, ಹಿಂದೆ ಹೋದಂತೆ ಮಂಜು ಕವಿದ ಹಾಗೆ ತೆಳು.

ಸಾಮಾನಿಗೆ ಬ್ಯಾಡಗಿಯಲ್ಲಿ ಬರವೇ? ಕೋಲ್ಡ್ ಸ್ಟೋರೇಜಿನ ದುರಸ್ತಿಯಲ್ಲಿ ಎಸೆದ ಥರ್ಮಾಕೋಲಿನ ತುಂಡುಗಳಿಂದ ಗುಡ್ಡ ಮಾಡಿದೆ. ಗೋಣಿಚೀಲದ ನಾರು ಹುಲ್ಲಾಯಿತು. ಮೆಣಸಿನ ಬೀಜಗಳನ್ನು ಒಂದೊಂದಾಗಿ ಚಿಮಟದಿಂದ ಎತ್ತಿ ಅಂಟಿಸಿ ಮನೆಗಳಿಗೆ ಹೆಂಚು ಹೊದಿಸಿದೆ. ಬಾಗಿದ ತೊಟ್ಟುಗಳನ್ನು ಬೀದಿಯ ಎರಡೂ ಬದಿಗೆ ನೆಟ್ಟಾಗ ಅವು ದೀಪದ ಕಂಬಗಳೇ ಆದವು, ದೊಡ್ಡ ತೊಟ್ಟು ಮುಂದೆ, ಸಣ್ಣದು ಹಿಂದೆ. ಕೋಟೆಯ ಗೋಡೆಗೆ ಮಾತ್ರ ಯಾವ ಬಣ್ಣವೂ ಒಗ್ಗಲಿಲ್ಲ. ಬ್ಯಾಡಗಿಯ ಕೆಂಪನ್ನು ಡಬ್ಬಿಯಲ್ಲಿ ತುಂಬಿ ಮಾರುವವರು ಇನ್ನೂ ಹುಟ್ಟಿಲ್ಲ. ಕಡೆಗೆ ಒಣಗಿದ ಕಾಯಿಯ ಸಿಪ್ಪೆಯನ್ನೇ ಕತ್ತರಿಸಿ ಗೋಡೆಗೆಲ್ಲ ಅಂಟಿಸಿದೆ. ಹದಿನೈದು ದಿನ ನಾನು ಮಾಡಿದ ಕೆಲಸ ಅರ್ಧ ಕಟ್ಟುವುದು, ಅರ್ಧ ಸೀನುವುದು. ಒಂಟಿ ಸೀನು ಅಪಶಕುನ ಎಂದು ಅತ್ತಿ ನನ್ನ ಪ್ರತಿ ಸೀನಿಗೂ ಅಡುಗೆಮನೆಯಿಂದಲೇ, “ಇನ್ನೊಂದ ಸೀನು,” ಎಂದು ಕೂಗುತ್ತಿದ್ದಳು.

ಚವತಿಗೆ ಆರು ದಿನ ಇರುವಾಗ ಊರು ಮುಗಿಯಿತು. ಅತ್ತಿಯನ್ನು ಕರೆದು ತೋರಿಸಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಬಗ್ಗಿ ನೋಡಿದಳು.

“ಛಂದ ಆಗೇತಿ. ಆದ್ರ ಹಿಂದಿನ ಮನಿ ಯಾಕ ಸಣ್ಣವು ಮಾಡೀದಿ? ಸಾಮಾನ ಸಾಲಲಿಲ್ಲೇನು?”

“ದೂರ ಅದಾವ ಅತ್ತೀ, ಅದಕ್ಕ ಸಣ್ಣ ಕಾಣತಾವ.”

“ಎಲ್ಲಿ ದೂರ? ಇಲ್ಲೇ ಕೈಗೆ ಸಿಗತಾವಲ್ಲ.”

ನಾನು ನೋಡಿದರೂ ಅಷ್ಟೇ. ಊರಿಲ್ಲ, ಖೋಕಾದಲ್ಲಿ ಒತ್ತಿ ತುಂಬಿದ ದೊಡ್ಡ ಮನೆ, ಸಣ್ಣ ಮನೆ. ಸಹೋದ್ಯೋಗಿ ಮಾಸ್ತರರೊಬ್ಬರು ಬಂದವರು, “ಗೊಂಬಿಮನಿ ಛಲೋ ಆಗೇತಿ ಸರ,” ಎಂದು ಬೆನ್ನು ತಟ್ಟಿ ಹೋದರು. ನನಗೆ ಆ ಖೋಕಾವನ್ನು ಒಲೆಗೆ ಹಾಕುವಷ್ಟು ಬೇಸರವಾಯಿತು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ ತಪ್ಪನ್ನೆಲ್ಲ ಬೆಳಕಿನ ಮೇಲೆ ಹಾಕಿದೆ. ಅರಮನೆಯ ಹಿಂದಿನಿಂದ ಸಂಜೆಯ ಬೆಳಕು ಬಂದರೆ ಎಲ್ಲ ಸರಿಹೋದೀತು ಎಂದು ಕೋಟೆಯ ಒಳಗೆ ಒಂದು ಅರವತ್ತರ ಬಲ್ಬು ಕೂರಿಸಿದೆ. ಬಟನ್ ಒತ್ತಿದೆ, ಕರೆಂಟ್ ಇರಲಿಲ್ಲ. ಒತ್ತಿದ್ದನ್ನು ಮರೆತು ಚಹಾಕ್ಕೆಂದು ಅಡುಗೆಮನೆಗೆ ಹೋದೆ.

ಕರೆಂಟ್ ಯಾವಾಗ ಬಂತೋ ಗೊತ್ತಾಗಲಿಲ್ಲ. ಗೊತ್ತಾದದ್ದು ಘಾಟು. ಹಬ್ಬಕ್ಕೆ ಮೆಣಸಿನಕಾಯಿಯಿಂದ ಕೋಟೆ ಕಟ್ಟಿ ಅದರ ಬೆನ್ನಿಗೆ ಬಿಸಿ ಬಲ್ಬು ಇಡುವ ಬುದ್ಧಿವಂತ ಬ್ಯಾಡಗಿಯ ಮನೆಯಲ್ಲಲ್ಲದೆ ಇನ್ನೆಲ್ಲಿ ಹುಟ್ಟಬೇಕು? ಸಿಪ್ಪೆಯೆಲ್ಲ ಹುರಿಯತೊಡಗಿ ಇಡೀ ಮನೆ ಒಗ್ಗರಣೆಯ ಬಾಣಲೆಯಾಯಿತು. ಅತ್ತಿ ಒಂದು ಕಡೆ, ನಾನೊಂದು ಕಡೆ ಕೆಮ್ಮುತ್ತ ಹೊರಗಿನ ಕಟ್ಟೆಗೆ ಓಡಿದೆವು. ಓಣಿಯವರು ಕಿಟಕಿ ಮುಚ್ಚಿಕೊಂಡು, “ಯಾರಿಗೆ ದೃಷ್ಟಿ ತಗಿಯಾಕತ್ತೀರಿ, ಇಡೀ ಊರಿಗೇನು?” ಎಂದು ಕೂಗಿದರು.

“ಮಾಮಾ ಒಳಗ ಅದಾರ,” ಎಂದಳು ಅತ್ತಿ.

ಒಳಗಿನಿಂದ ಮಾಮಾನ ದನಿ ಬಂತು. “ನೀವು ಅಲ್ಲೇ ಇರ್ರಿ. ಬಟನ್ ನಾ ಬಂದ್ ಮಾಡತೇನಿ.” ಮೂವತ್ತು ವರ್ಷ ಘಾಟು ಕುಡಿದ ಮೂಗು ಅದು. ಒಂದು ಕೆಮ್ಮೂ ಕೇಳಿಸಲಿಲ್ಲ. ನಾವು ಕಾದೆವು. ಘಾಟು ಕಡಿಮೆಯಾಗಲಿಲ್ಲ, ಮಾಮಾ ಬರಲಿಲ್ಲ. ನನಗೆ ಹೆದರಿಕೆಯಾಗಿ, ಒದ್ದೆ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು ಒಳಗೆ ಹೋದೆ.

ಮಾಮಾ ಖೋಕಾದ ಮುಂದೆ ಬಗ್ಗಿ ನಿಂತಿದ್ದ. ಒಂದು ಕೈ ಬಟನ್ನಿನ ಮೇಲೇ ಇತ್ತು, ಒತ್ತಿರಲಿಲ್ಲ. ಬಲ್ಬು ಉರಿಯುತ್ತಿತ್ತು, ಕೋಟೆಯ ಮೇಲೆ ನೀಲಿ ಹೊಗೆ ಸುತ್ತುತ್ತಿತ್ತು.

“ಮಾಮಾ, ಬಟನ್ ಬಂದ್ ಮಾಡೋ.”

“ತಡಿ,” ಎಂದ. ಆಮೇಲೆ ಮೆಲ್ಲಗೆ ಕೇಳಿದ. “ಆ ಅರಮನಿ ಎಷ್ಟ ದೂರ ಇಟ್ಟಿ, ಅಳ್ಯಾ?”

“ದೂರೆಲ್ಲಿ, ಒಂದೂವರಿ ಮೊಳ.”

“ಸುಳ್ಳ ಹೇಳಬ್ಯಾಡ. ಒಂದ ಮೈಲಿ ಐತಿ. ಅಲ್ಲಿ ಸಂಜಿ ಆಗೇತಿ.”

ಅವನು ನೋಡುತ್ತಲೇ ಕೈ ಚಾಚಿದ. ದೂರದಲ್ಲಿರುವುದನ್ನು ಮುಟ್ಟುವವನಂತೆ ಧಾರಾಳವಾಗಿ ಚಾಚಿದ. ಬೆರಳು ಅರಮನೆಗೆ ಬಡಿದು, ಹದಿನೈದು ದಿನದ ನನ್ನ ಅರಮನೆ ಗುಡ್ಡದ ಹಿಂದೆ ಬಿತ್ತು. ಅವನು ಬೆಂಕಿ ಮುಟ್ಟಿದಂತೆ ಕೈ ಹಿಂದೆಳೆದುಕೊಂಡ. ಅವನು ಚಹಾ ಚೆಲ್ಲಿದಾಗಲೆಲ್ಲ ಆ ಮುಖವನ್ನು ನಾನು ಕಂಡಿದ್ದೆ, ಆದರೆ ನೋಡಿರಲಿಲ್ಲ. ನಾನೇ ಬಟನ್ ಬಂದ್ ಮಾಡಿ ಅವನನ್ನು ಕಟ್ಟೆಗೆ ಕರೆತಂದೆ.

ಗಾಳಿ ತಿಳಿಯಾದ ಮೇಲೆ ಅತ್ತಿ ಕಟ್ಟೆಗೇ ಚಹಾ ತಂದಳು. ಬಹಳ ದಿನದ ಮೇಲೆ ಮಾಮಾ ಕಪ್ಪು ತೆಗೆದುಕೊಂಡ, ಬಗ್ಗಿಸಿದ, ಚಹಾ ಬಸಿಯಾಚೆ ಬಿತ್ತು. ಅತ್ತಿ ಬಾಯಿ ತೆರೆಯುವ ಮೊದಲೇ ಅವನು ಹೇಳಿದ.

“ಅರಮನಿ ಹೆಂಗ ಕಾಣತೈತಿ, ಬಸಿನೂ ಹಂಗ ಕಾಣತೈತಿ ಗಿರಿಜಾ. ಕಾಣತೈತಿ, ಎಲ್ಲೈತಿ ಅನ್ನೂದ ತಿಳಿಯಂಗಿಲ್ಲ. ಮೆಟ್ಟಲಾನೂ ಹಂಗ. ನೆಲ ಯಾವುದು, ಮೆಟ್ಟಲ ಯಾವುದು, ಎಲ್ಲಾ ಚಿತ್ರ ತಗದಂಗ ಕಾಣತಾವ.”

ನಾನು ಎಡಗಣ್ಣು ಮುಚ್ಚಿದೆ. ನನ್ನ ಚಾಳಿ ಶುರುವಾದದ್ದು ಆಗಲೇ. ನನ್ನ ಕಪ್ಪನ್ನು ಎತ್ತಿ ಬಸಿಗೆ ಬಗ್ಗಿಸಿದೆ. ಅರ್ಧ ಚಹಾ ನನ್ನ ಮೊಣಕಾಲ ಮೇಲೆ ಬಿತ್ತು, ಬಿಸಿಯಾಗಿಯೇ ಇತ್ತು. ಅತ್ತಿ ನನ್ನನ್ನು ನೋಡಿದಳು, ಒಂದು ಕಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಕಿಟಲಿ ಎತ್ತಿದಳು. ನಲವತ್ತು ವರ್ಷ ಚಹಾ ಹಾಕಿದ ಕೈ ಅದು. ಕಪ್ಪಿನ ಕಿವಿಯ ಹೊರಗೆ, ಕಟ್ಟೆಯ ಕಲ್ಲಿನ ಮೇಲೆ ಸುರಿಯಿತು. ಅವಳು ಕಿಟಲಿ ಇಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. “ಆರ ತಿಂಗಳಾತು, ದಿನಾ ಬೈದೆನಲ್ರೀ. ಒಂದ ಮಾತ ಹೇಳಬಾರದಾಗಿತ್ತೇನು,” ಎಂದಳು.

“ಹೇಳಾಕ ನನಗ ತಿಳಿದಿದ್ರ ತಾನ. ನನಗ ಮುಪ್ಪ ಬಂತು ಅಂದ್ಕೊಂಡಿದ್ನಿ,” ಎಂದ ಮಾಮಾ. ನಮ್ಮ ಮೂವರ ಮಡಿಲಲ್ಲೂ ಚಹಾದ ಕಲೆ ನೋಡಿ ಅವನಿಗೆ ನಗು ಬಂತು. ಹಗ್ಗ ಹರಿದ ದಿನದಿಂದ ಆ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದು. ಕಲೆ ಬಿದ್ದ ನನ್ನ ಪ್ಯಾಂಟನ್ನು ಅತ್ತಿ ಎಷ್ಟು ಒಗೆದರೂ ಅದು ಹೋಗಲಿಲ್ಲ, ನಾನು ಅದನ್ನು ಬಹಳ ವರ್ಷ ಹಾಕಿಕೊಂಡೆ.

ಆಗ ನನ್ನ ಮಂದಬುದ್ಧಿಗೂ ಹೊಳೆಯಿತು. ಇಂಥ ಊರನ್ನು ಎರಡು ಕಣ್ಣಿನಿಂದ ನೋಡಬಾರದು. ಎರಡು ಕಣ್ಣು ಕೂಡಿದರೆ ಯಾವುದು ಎಷ್ಟು ದೂರ ಎಂದು ಚಾಡಿ ಹೇಳಿಬಿಡುತ್ತವೆ. ಒಂದೇ ಕಣ್ಣು, ಒಂದೇ ಜಾಗ, ಅಲುಗಾಡದೆ ನೋಡಿದರೆ ಊರು ಬಾಗಿಲು ತೆರೆಯುತ್ತದೆ. ಪುಸ್ತಕ ಓದಿ ಪರೀಕ್ಷೆ ಪಾಸಾದ ನಾನು ಆ ಒಂದು ಸಾಲನ್ನು ಎಲ್ಲೋ ಹಾರಿಸಿದ್ದೆ.

ಮುಂದಿನ ಐದು ದಿನ ಮಾಮಾ ನನ್ನ ಮೇಸ್ತ್ರಿಯಾದ. ಬಿದ್ದ ಅರಮನೆ ಮತ್ತೆ ಗುಡ್ಡ ಏರಿತು, ಕೋಟೆಗೆ ಕೆಂಪು ಕಾಗದ ಬಂತು, ಬಲ್ಬು ಖೋಕಾದ ಹೊರಗೆ ಹೋಯಿತು. ರಾಶಿಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನಿಂತು ಅವನು ನನ್ನ ಊರನ್ನು ಆರಿಸಿದ. “ಎಡಗಡಿ ಮೂರನೇ ಕಂಬ ಖರೇ ಅನಸವಲ್ದು, ತಗಿ. ಆ ಮನಿ ಇನ್ನೂ ಹಿಂದಕ್ಕ ಹೋಗಬೇಕು. ಬ್ಯಾಡ, ಹಿಂದಕ್ಕ ಸರಸಬ್ಯಾಡ, ಸಣ್ಣದ ಮಾಡು.” ಖೋಕಾದ ಮುಂಭಾಗಕ್ಕೆ ರಟ್ಟು ಹೊಡೆದು ಒಂದು ತೂತು ಕೊರೆದೆವು. ತೂತು ಎಲ್ಲಿರಬೇಕೆಂದು ಹೇಳಿದ್ದೂ ಅವನೇ. ಅದರಲ್ಲಿ ಕಣ್ಣಿಟ್ಟಾಗ ನನಗೂ ಮೊದಲ ಸಲ ಕೆಂಪರಸನ ಊರು ಕಂಡಿತು. ಬೀದಿ ಹೋಗುತ್ತ ಹೋಗುತ್ತ ಸಂಜೆಯಲ್ಲಿ ಕರಗಿತ್ತು, ಅರಮನೆಯಲ್ಲಿ ಯಾರೋ ಮಲಗಿರುವಂತಿತ್ತು. ನಾನು ಸಪ್ಪಳ ಮಾಡಲಿಲ್ಲ.

ಚವತಿಯ ಹಿಂದಿನ ದಿನ ಅತ್ತಿ ಯಾರಿಗೂ ಹೇಳದೆ ಸುಣ್ಣದ ಡಬ್ಬಿ ಹಿಡಿದು ಮನೆಯ ಮುಂದಿನ ಮೂರು ಮೆಟ್ಟಿಲುಗಳ ಅಂಚಿಗೆ ದಪ್ಪ ಬಿಳಿ ಪಟ್ಟೆ ಎಳೆದಳು. ಹಬ್ಬಕ್ಕೆ ಛಂದ ಕಾಣಲಿ ಅಂತ, ಎಂದಳು. ಮಾಮಾ ಆ ಪಟ್ಟೆಗಳನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದ. ಮರುದಿನ ಟೋಪಿ ಹಾಕಿಕೊಂಡು, ಬರಿಗಾಲಲ್ಲಿ ಹೋಗಿ ಗಣಪತಿಯನ್ನು ಅವನೇ ತಂದ. ಒಂದೊಂದು ಪಟ್ಟೆಯ ಮೇಲೂ ಹೆಬ್ಬೆರಳು ಊರಿ, ನಿಂತು, ಏರಿದ. ನಾನು ಹಿಂದೆ ಎರಡೂ ಕೈ ಚಾಚಿಕೊಂಡು ಬಂದೆ. ಬೇಕಾಗಲಿಲ್ಲ.

ಐದು ದಿನ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಮಾ ಖೋಕಾದ ಪಕ್ಕ ಕುರ್ಚಿ ಹಾಕಿಕೊಂಡು, ಬಂದವರ ಎಡಗಣ್ಣಿನ ಮೇಲೆ ತನ್ನ ಅಂಗೈ ಇಟ್ಟು, “ಇದನ್ನ ಮುಚ್ಚರಿ. ಈಗ ನೋಡ್ರಿ,” ಎನ್ನುತ್ತಿದ್ದ. ಅವರು ಬೆರಗಾಗಿ ಸುಮ್ಮನಾಗುವುದನ್ನು ಕೇಳಿಸಿಕೊಂಡು ಅಂಗೈ ತೆಗೆಯುತ್ತಿದ್ದ. ಆದರೆ ಯಾಕೆ ಒಂದೇ ಕಣ್ಣು ಎಂದು ಯಾರಾದರೂ ಕೇಳಿದರೆ, “ಅದು ಈ ಊರಿನ ರಿವಾಜು,” ಎಂದಷ್ಟೇ ಹೇಳುತ್ತಿದ್ದ. ಪೇಟೆಯ ಖರೀದಿದಾರರು ಬಂದು, ನೋಡಿ, “ಚನ್ನಪ್ಪಾ, ನಡು ಆರಾಮ ಆತಲ್ಲ, ಸುಗ್ಗಿಗೆ ಬಾ,” ಎಂದಾಗ ಅವನು ಮುಂದಿನವರ ಕಣ್ಣಿನ ಮೇಲೆ ಅಂಗೈ ಇಟ್ಟ. ಅವರು ಹೋದ ಮೇಲೆ ನನಗೆ ಹೇಳಿದ, “ಮನ್ಯಾಗಿನ ಮಾತ ಬ್ಯಾರೆ ಅಳ್ಯಾ. ಪ್ಯಾಟ್ಯಾಗ ಒಕ್ಕಣ್ಣ ಅಂತ ತಿಳೀತಂದ್ರ ನನ್ನ ಮಾತಿಗೆ ಯಾರೂ ಕಾಯಿ ಹಿಡಿಯಂಗಿಲ್ಲ.”

ದೀಪಾವಳಿಯ ನಂತರ ನಾನೂ ಮಾಮಾನೂ ಇಬ್ಬರೇ ರಾಣೆಬೆನ್ನೂರಿಗೆ ಹೋದೆವು. ನನಗೆ ಹೆಣ್ಣು ನೋಡಲು ಹಿರಿಯನಾಗಿ ಸೋದರಮಾವ ಬೇಕೇಬೇಕೆಂದು ನಾನೂ ಅತ್ತಿಯೂ ಹಟ ಮಾಡಿದ್ದಕ್ಕೆ ಮಾಮಾ ಹೊರಟಿದ್ದ. ಕಣ್ಣು ಹೋದ ಮೇಲೆ ಪರರ ಮನೆಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಬಸ್ಸಿನಲ್ಲಿ ಉದ್ದಕ್ಕೂ, “ಚಹಾ ತಂದ್ರ ನಾ ಪಿತ್ತ ಅಂತೇನಿ, ನೀ ನಡುವ ಬಾಯಿ ಹಾಕಬ್ಯಾಡ,” ಎಂದು ನನಗೆ ಪಾಠ ಹೇಳಿದ್ದ. ಹುಡುಗಿಯ ತಂದೆ ಬೀಜದ ಅಂಗಡಿಯವರು, ವಾರಕ್ಕೆರಡು ಸಲ ಬ್ಯಾಡಗಿಗೆ ಬರುವವರು. ಅವರ ಕಿವಿಗೆ ಬಿದ್ದದ್ದು ನಮ್ಮ ಪೇಟೆ ಮುಟ್ಟಲು ಎರಡು ದಿನ ಬೇಕಿರಲಿಲ್ಲ. ಅದು ಮಾಮಾನಿಗೂ ಗೊತ್ತಿತ್ತು.

ಹುಡುಗಿ ತಾಟು ಹಿಡಿದು ಬಂದಳು. ಮೊದಲ ಕಪ್ಪು ಹಿರಿಯನೆಂದು ಮಾಮಾನಿಗೇ. ತಾಟು ಅವನ ಮುಂದೆ ಬರುತ್ತಿದ್ದ ಹಾಗೆ ಅವನ ಬೆರಳುಗಳು ಧೋತರದ ಅಂಚನ್ನು ಹಿಡಿದದ್ದು ನನಗೆ ಕಂಡಿತು. ಆ ತಾಟು ಅವನಿಗೆ ಎಷ್ಟು ದೂರ ಕಾಣುತ್ತಿದೆಯೋ ಎಂದು ನೋಡಲು ನಾನು ಎಡಗಣ್ಣು ಮುಚ್ಚಿದೆ. ಹುಡುಗಿಯನ್ನು ನೋಡುವುದು ನನಗೆ ಮರೆತೇ ಹೋಗಿತ್ತು.

“ಹುಡುಗನ ಕಣ್ಣಿಗೆ ಏನರ ಆಗೇತೇನ್ರಿ?” ಎಂದರು ಹುಡುಗಿಯ ತಂದೆ. ಸಂಬಂಧ ಅಲ್ಲಿಗೇ ಮುರಿಯುವ ದನಿ ಅದು. ನಿಜ ಹೇಳಿದರೆ ಮಾಮಾನ ಗುಟ್ಟು ಹೋಗುತ್ತದೆ, ಹೇಳದಿದ್ದರೆ ನಾನು ಕಣ್ಣು ಹೊಡೆದವನಾಗುತ್ತೇನೆ ಇಲ್ಲವೇ ಕಣ್ಣಿಲ್ಲದವನಾಗುತ್ತೇನೆ.

ಮಾಮಾ ಧೋತರದ ಅಂಚು ಬಿಟ್ಟ.

“ನಮ್ಮ ಹುಡುಗಗ ಎರಡೂ ಕಣ್ಣ ಛಲೋ ಅದಾವ್ರಿ,” ಎಂದ. “ಇಲ್ಲದ್ದು ನಂದು. ಎಡಗಣ್ಣ ಹೋಗಿ ಎಂಟ ತಿಂಗಳಾತು. ಚಹಾ ಎಲ್ಲೈತಿ ನನಗ ತಿಳಿಯಂಗಿಲ್ಲ. ನನಗ ಹೆಂಗ ಕಾಣತೈತಿ ಅಂತ ನೋಡಾಕ ಅವ ಆಗಾಗ ಹಂಗ ಕಣ್ಣ ಮುಚ್ಚತಾನ. ಅಷ್ಟ ಹುಚ್ಚ ಐತಿ ಅವಂಗ, ಅದನ್ನೂ ಮೊದಲ ಹೇಳಿರತೇನಿ.”

ಮಾಮಾ ನನ್ನ ಕಡೆ ನೋಡಲಿಲ್ಲ. ನನಗಾಗಿ ಅವನು ಏನನ್ನು ಕೊಟ್ಟುಬಿಟ್ಟನೆಂದು ಆ ಕೋಣೆಯಲ್ಲಿ ತಿಳಿದವನು ನಾನೊಬ್ಬನೇ. ಆ ಸುಗ್ಗಿಗೆ ಅವನು ಪೇಟೆಗೆ ಹೋದ, ಒಕ್ಕಣ್ಣನೆಂದು ತಿಳಿದೇ ಜನ ಅವನ ಕೈಯಿಂದ ಕಾಯಿ ಆರಿಸಿಕೊಂಡರು, ಕಾಯಿ ಆರಿಸುವುದು ಕಿವಿ ಮತ್ತು ಮೂಗು ಎಂದು ಅವರಿಗೂ ಗೊತ್ತಿತ್ತು. ಆದರೆ ಅದೆಲ್ಲ ಆಮೇಲೆ. ಆ ಗಳಿಗೆಯಲ್ಲಿ ಅವನಿಗೆ ಅದು ಯಾವುದೂ ಗೊತ್ತಿರಲಿಲ್ಲ.

ತಾಟು ಹಿಡಿದು ನಿಂತಿದ್ದ ಹುಡುಗಿ ತಾಟನ್ನು ನೆಲದ ಮೇಲಿಟ್ಟಳು. ಒಂದು ಬಸಿಗೆ ತಾನೇ ಚಹಾ ಬಗ್ಗಿಸಿದಳು. ಮಾಮಾನ ಮುಂದೆ ಕುಳಿತು, ಬಸಿಯ ಅಂಚನ್ನು ಅವನ ಬೆರಳ ತುದಿಗೆ ಮೆಲ್ಲಗೆ ತಾಗಿಸಿ, ಅವನು ಹಿಡಿದ ಮೇಲೆಯೇ ಕೈ ಬಿಟ್ಟಳು.

“ಇಲ್ಲೈತಿ ನೋಡ್ರಿ ಮಾಮಾ,” ಎಂದಳು.

ಆಗ ನಾನು ಎರಡೂ ಕಣ್ಣು ತೆರೆದು ಅವಳನ್ನು ನೋಡಿದೆ.